ಉತ್ತರಕ್ಕೆ ತಲೆ ಹಾಕಿ ಬಿದ್ದ ಸೈನಿಕ

“ನಾಳೆ ಹತ್ತೂವರೆಗೆ ನಿನಗೆ ಗುಂಡೇಟು ಬೀಳುತ್ತದೆ. ಬಿದ್ದ ಮೇಲೆ ಅಲುಗಾಡಬೇಡ” ಎಂದು ಪಕ್ಕದ ಮನೆಯ ಡೇಲ್ ನಗುನಗುತ್ತ ಹೇಳಿ, ನೀಲಿ ಉಣ್ಣೆಯ ಕೋಟೊಂದನ್ನು ನನ್ನ ಕೈಗೆ ಹಾಕಿ ಹೋದ.

ನಾವು ಹ್ಯೂಸ್ಟನ್ನಿನ ಸೈಪ್ರೆಸ್‌ಗೆ ಶಿಫ್ಟ್ ಆಗಿ ಎರಡು ವರ್ಷವಾಗಿತ್ತು. ಅಷ್ಟೂ ದಿನ ಡೇಲ್ ಹುಲ್ಲು ಕತ್ತರಿಸುವ ಯಂತ್ರದ ಮೇಲಿಂದ ಕೈ ಬೀಸಿದ್ದಷ್ಟೇ. ಇಲ್ಲಿಯವರು ಹೇಗಿದ್ದೀಯ ಎಂದು ಕೇಳಿ, ಉತ್ತರ ಬಾಯಿಗೆ ಬರುವಷ್ಟರಲ್ಲಿ ದಾಟಿ ಹೋಗಿರುತ್ತಾರೆ. ನಮ್ಮ ಧಾರವಾಡದಲ್ಲಿ ಚಹಾ ಆತೇನ್ರಿ ಎಂದವರು, ಇಲ್ಲ ಅಂದರೆ ಕುಡಿಸಿಯೇ ಕಳಿಸುತ್ತಾರೆ. ಅಂಥ ಡೇಲ್ ಇದ್ದಕ್ಕಿದ್ದಂತೆ ನನ್ನನ್ನು ರೀಎನಾಕ್ಟ್‌ಮೆಂಟಿಗೆ ಕರೆದಿದ್ದ. ಈ ಟೆಕ್ಸಸ್ ರಾಜ್ಯ ಮೆಕ್ಸಿಕೋದಿಂದ ಬಿಡಿಸಿಕೊಳ್ಳಲು ಮಾಡಿದ, ಎಂದೋ ಮುಗಿದ ಯುದ್ಧವನ್ನು ಅಂದಿನದೇ ಉಡುಪು ತೊಟ್ಟು, ಗುಂಡಿಲ್ಲದ ಬರೀ ಮದ್ದಿನ ಬಂದೂಕು ಹಿಡಿದು, ಶನಿವಾರ ಭಾನುವಾರ ಮತ್ತೆ ಆಡಿ ತೋರಿಸುವುದು. ಟೆಕ್ಸಸ್ ಕಡೆಗೆ ಜನವೋ ಜನ. ಸೋಲಬೇಕಾದ ಮೆಕ್ಸಿಕೋ ಕಡೆಗೆ ಆಳು ಸಾಲದಂತೆ.

ಉಗ್ರರ ದಾಳಿಗೆ ಅವಳಿ ಗೋಪುರ ಬಿದ್ದ ಮರುವರ್ಷವದು. ನಮ್ಮಂಥವರನ್ನು ದಿನಸಿ ಅಂಗಡಿಯಲ್ಲೂ ಎರಡೆರಡು ಸಲ ನೋಡುತ್ತಿದ್ದರು. ಹೆಂಡತಿ ಸುನಂದಾ ಕೋಟಿನ ಗುಂಡಿ ಹೊಲಿಯುತ್ತ, “ಇಷ್ಟ್ ದಿನ ಇಲ್ಲದ ಪ್ರೀತಿ ಈಗ್ಯಾಕ ಬಂತ್ರಿ? ನಿಮ್ಮ ಬಣ್ಣಾ ನೋಡಿ ಕರದಾರ” ಎಂದಳು. ಮಗಳು ಪುಸ್ತಕದಿಂದ ತಲೆ ಎತ್ತದೆ, “ಅಪ್ಪಾ, ಯು ಲುಕ್ ದ ಪಾರ್ಟ್” ಎಂದಳು. ಪಾತ್ರಕ್ಕೆ ಹೇಳಿ ಮಾಡಿಸಿದ ಮುಖವಂತೆ.

ನನಗೂ ಅದೇ ಅನುಮಾನ. ಆದರೂ ಈ ಬೀದಿಯಲ್ಲಿ ಒಬ್ಬನಾದರೂ ಕರೆದನಲ್ಲ ಎಂಬ ಆಸೆ. ಕರೆದದ್ದು ನನ್ನನ್ನೋ, ನನ್ನ ಮೈಬಣ್ಣವನ್ನೋ ಎಂದು ತಿಳಿಯಲೇಬೇಕೆಂದು ಹೊರಟೆ.

ಶನಿವಾರ ಮೈದಾನದ ತುಂಬ ಹೊಗೆ. ಡೇಲನ ಬಂದೂಕು ಢಂ ಎಂದಿತು, ನಾನು ಅಂಗಾತ ಬಿದ್ದೆ. ಬೆಳಗಿನ ಬಿಸಿಲು ಎಡಗೆನ್ನೆಗೆ ಹೊಡೆಯುತ್ತಿತ್ತು. ಅಂದರೆ ತಲೆ ಉತ್ತರಕ್ಕೆ! ಹಾಗೆ ಮಲಗಿದ್ದಕ್ಕೆ ಚಿಕ್ಕಂದಿನಲ್ಲಿ ಅವ್ವನಿಂದ ಎಷ್ಟು ಬೈಸಿಕೊಂಡಿದ್ದೇನೋ. ಎರಡು ನಿಮಿಷ ತಡೆದೆ, ಆಗಲಿಲ್ಲ. ಮೊಣಕೈ ಊರಿ, ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ತಿರುಗತೊಡಗಿದೆ. ಸತ್ತವನು ತಿರುಗುವುದನ್ನು ಕಂಡು ಜನ ಹೋ ಎಂದು ನಕ್ಕರು. ತಂಡದ ಮುಖ್ಯಸ್ಥ ಮುಖ ಗಂಟಿಕ್ಕಿದ.

ಆಮೇಲೆ ಡೇಲ್ ಕಾರಣ ಕೇಳಿದ. ಉತ್ತರಕ್ಕೆ ತಲೆ ಹಾಕಿ ನಮ್ಮಲ್ಲಿ ಮಲಗುವುದಿಲ್ಲ ಎಂದೆ.

“ಆದರೆ ನೀನು ಸತ್ತಿದ್ದೆಯಲ್ಲ?”

ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. “ನನ್ನನ್ನು ಯಾಕೆ ಕರೆದೆ?” ಎಂದು ಕೇಳಿಯೇಬಿಟ್ಟೆ.

ಅವನು ಟೋಪಿ ತೆಗೆದು ತಲೆ ಒರೆಸಿಕೊಂಡ. “ಮೆಕ್ಸಿಕನ್ ಥರ ಕಾಣುತ್ತೀಯ. ಅದಕ್ಕೇ.”

ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ ಅನ್ನಿಸಿತು. ಮನೆಗೆ ಬಂದು ಕೋಟನ್ನು ಮೂಲೆಗೆಸೆದೆ.

ಒಪ್ಪಿಕೊಂಡ ತಪ್ಪಿಗೆ ಭಾನುವಾರವೂ ಹೋದೆ. ಸುನಂದಾ, ಮಗಳು ನೋಡಲು ಬಂದಿದ್ದರು. ನಾನು ಬೀಳಬೇಕಾದ ಜಾಗದಲ್ಲಿ ಬೂಟಿನಿಂದ ಕೆರೆದ ಬಾಣದ ಗುರುತೊಂದಿತ್ತು. ಡೇಲ್ ಹತ್ತಿರ ಬಂದು, “ತಲೆ ಈ ಕಡೆ. ದಕ್ಷಿಣ. ದಿಕ್ಸೂಚಿ ಇಟ್ಟು ನೋಡಿದ್ದೇನೆ” ಎಂದು ಹೇಳಿ ತನ್ನ ಸಾಲಿಗೆ ಮರಳಿದ.

ಬಂದೂಕು ಸಿಡಿಯಿತು. ಬಾಣದ ಮೇಲೆಯೇ ಬಿದ್ದೆ. ಆದರೆ ಅನುಮಾನದ ಹುಳ ಅಲ್ಲೂ ಬಿಡಲಿಲ್ಲ: ಇದು ನನ್ನ ಮೇಲಿನ ಅಕ್ಕರೆಯೋ, ಆಟ ಮತ್ತೆ ಕೆಡದಿರಲೆಂಬ ಜಾಣತನವೋ? ಇವತ್ತಿಗೂ ಅವನನ್ನು ಕೇಳಿಲ್ಲ.

ಟೆಕ್ಸಸ್ ಗೆದ್ದಿತು. ಅರೆಗಣ್ಣು ತೆರೆದು ನೋಡಿದೆ. ಸುನಂದಾ ಕೈಕಟ್ಟಿ ನನ್ನನ್ನೇ ನೋಡುತ್ತಿದ್ದಳು. ಮಗಳು ಎದ್ದು ನಿಂತು, ಗೆದ್ದವರಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ನಾನು ಅಲುಗಾಡಲಿಲ್ಲ.