ಸುವರ್ಣಮ್ಮ ಆರಿಸಿದ ಮೆತ್ತನೆಯ ಸ್ಪ್ರಿಂಗು

ಕಂಪ್ಲಿಯ ಅಕ್ಕಿ ಮಿಲ್ಲಿನ ಸುವರ್ಣಮ್ಮ ಚೊಂಬು ತುಂಬ ಹಾಲು ಹಿಡಿದುಕೊಂಡು ಮಗ ವೀರೇಶನ ಹೊಸ ಗಾಡಿಯ ಹಿಂದಿನ ಸೀಟಿಗೆ ಹತ್ತಿದಳು. ಹತ್ತಿದಳು ಅನ್ನುವುದೇನು ಬಂತು, ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು ಒಂದು ಕಾಲು ಒಳಗಿಟ್ಟು, ಶಿವಾ ಶಿವಾ ಅನ್ನುತ್ತ ಇನ್ನೊಂದನ್ನು ಎಳೆದುಕೊಂಡಳು. ಕಂಪನಿಯವರು ಮಾಡಿಕೊಟ್ಟ ಎತ್ತರ ಸಾಲದೆಂದು ವೀರೇಶ ಅದನ್ನು ಹೊಸಪೇಟೆಯಲ್ಲಿ ಇನ್ನೂ ಅರ್ಧ ಗೇಣು ಎತ್ತರಿಸಿಕೊಂಡು ಬಂದಿದ್ದ.

"ನಡಿ, ಎಮ್ಮಿಗನೂರಿಗೆ ಹೊಡಿ" ಅಂದಳು.

"ಹಾಲು ಯಾಕಬೇ?"

"ನಡೀಲೇ, ಹೇಳ್ತೀನಿ."

ಹೇಳಬೇಕಾಗಿ ಬರಲಿಲ್ಲ. ಮೊದಲ ಸ್ಪೀಡ್ ಬ್ರೇಕರಿಗೇ ಗಾಡಿ ಹೋತದ ಮರಿಯಂತೆ ಜಿಗಿದು ಅರ್ಧ ಚೊಂಬು ಹಾಲು ಸುವರ್ಣಮ್ಮನ ಮಡಿಲಿಗೆ ಬಿತ್ತು. ಎಮ್ಮಿಗನೂರು ಮುಟ್ಟುವಷ್ಟರಲ್ಲಿ ಚೊಂಬಿನ ತಳ ಕಾಣುತ್ತಿತ್ತು. ಸೀರೆ ತೊಯ್ದಿತ್ತು, ಸೀಟು ತೊಯ್ದಿತ್ತು. ಸೀಟಿನ ಮೇಲೆ ಕೈಯಾಡಿಸಿ ವೀರೇಶ ಅಳುಮೋರೆ ಮಾಡಿದ.

"ಸೀಟಿನ ಚಿಂತಿ ಬಂತೇನಪಾ ನಿನಗ? ನಾನು ಗಟ್ಟಿ ಹೆಂಗಸು, ನನ್ನ ನಡಾನೇ ಮುರದು ಹೋತು. ಇದರಾಗ ನಿನ್ನ ತಂಗೀನ ಸಂಡೂರಿಂದ ಕರ್ಕೊಂಡು ಬರ್ತೀನಿ ಅಂತೀಯಲ್ಲ, ಏಳು ತಿಂಗಳ ಬಸರೀನ! ನಾಲಿಗಿ ಹೆಂಗ ಬಂತಲೇ ನಿನಗ ಹಂಗ ಅನ್ನಾಕ?"

ಕಂಪ್ಲಿಯಲ್ಲಿ ಸುವರ್ಣಮ್ಮನ ಬಾಯಿಗೆ ಎದುರು ಬಾಯಿ ಕೊಟ್ಟವರು ಕಡಿಮೆ. ಹೊಸದಾಗಿ ಮದುವೆಯಾಗಿ ಬಂದಾಗಲೇ, ನೆಲ್ಲು ಒದ್ದೆಯಿದೆ ಎಂದು ತೂಕ ಮುರಿಯುತ್ತಿದ್ದ ಮಾವನಿಗೆ, ರೈತರೆದುರೇ "ಒಣಗಿಸಿ ತೂಗ್ರಿ ಮಾವ, ಬಾಯಿಲೆ ತೂಗಬ್ಯಾಡ್ರಿ" ಅಂದವಳು. ಗಂಡ ಚನ್ನಯ್ಯ ಬಂಗಾರದಂಥ ಮನುಷ್ಯ, ಆದರೆ ಜಗಳ ಅಂದರೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುವವನು. ಹೀಗಾಗಿ ಮನೆಯ ಜಗಳ, ಮಿಲ್ಲಿನ ಜಗಳ, ಓಣಿಯ ಜಗಳ ಎಲ್ಲ ಅವಳ ಪಾಲಿಗೇ ಬಂದಿದ್ದವು. ಅವಳಿಗೂ ಅದೇನು ಬೇಡವಾಗಿರಲಿಲ್ಲ.

ಈ ಸಲದ ಸಿಟ್ಟು ಮಾತ್ರ ಬೇರೆ. ಅದಕ್ಕೊಂದು ವರ್ಷದ ವಯಸ್ಸಾಗಿತ್ತು. ಮಗಳು ಕಾವ್ಯಳನ್ನು ಸಂಡೂರಿಗೆ ಕೊಟ್ಟಿದ್ದರು. ಹಿಂದಿನ ವರ್ಷ ಅವಳು ಐದು ತಿಂಗಳ ಬಸುರಿಯಾಗಿದ್ದಾಗ ರಕ್ತ ಹೋಗತೊಡಗಿತು. ಅಳಿಯ ಹಂಪೇಶ ಸಿಕ್ಕ ಜೀಪಿನಲ್ಲಿ ಹಾಕಿಕೊಂಡು ಹೊಸಪೇಟೆಗೆ ಹೊರಟರೆ, ದಾರಿಯುದ್ದಕ್ಕೂ ಅದಿರಿನ ಲಾರಿಗಳ ಸಾಲು. ಚೀನಾದವರು ಮಣ್ಣು ಕೊಳ್ಳುತ್ತಾರೆಂದು ಆ ವರ್ಷ ಗುಡ್ಡವನ್ನೇ ಅಗೆದಗೆದು ರಸ್ತೆಗೆ ಬಿಟ್ಟಿದ್ದರು. ಲಾರಿಯ ಗಾಲಿ ತೋಡಿದ ಗುಂಡಿಯಲ್ಲಿ ಜೀಪಿನ ಅರ್ಧ ಗಾಲಿ ಮುಳುಗುತ್ತಿತ್ತು. ಆಸ್ಪತ್ರೆ ಮುಟ್ಟಿದಾಗ ಕೂಸು ಉಳಿದಿರಲಿಲ್ಲ.

ಮಾತಾಡಿಸಲು ಬಂದವರೆಲ್ಲ ಹಣೆಬರ ಅಂದರು. ಸುವರ್ಣಮ್ಮ ಮಗಳ ತಲೆ ನೇವರಿಸುತ್ತ ಕೂತವಳು ಎದ್ದು ನಿಂತಳು. "ಹಣೆಬರ ಬರಿಯೋ ಬ್ರಹ್ಮ ರೋಡಿನಾಗ ಬಂದು ತಗ್ಗು ತೋಡ್ತಾನೇನ್ರಿ? ತೋಡಿದವರ ಹೆಸರು ಹೇಳಾಕ ನಿಮಗ ಅಂಜಿಕಿ ಆದ್ರ ಬಾಯಿ ಮುಚ್ಕೊಂಡು ಹೋಗ್ರಿ" ಅಂದಳು. ಯಾರು ಹೇಳುತ್ತಾರೆ? ಬಂದವರಲ್ಲಿ ಅರ್ಧ ಜನರ ಲಾರಿಗಳು ಅದೇ ರಸ್ತೆಯಲ್ಲಿ ಓಡುತ್ತಿದ್ದವು. ವೀರೇಶನದೂ ಒಂದಿತ್ತು.

ಈಗ ಕಾವ್ಯ ಮತ್ತೆ ಬಸುರಿ, ಏಳು ತಿಂಗಳು. ಹೊಸಪೇಟೆಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಮಾಸು ಕೆಳಗಿದೆ, ಜೋರು ಜೋಲಿ ಹೊಡೆಯುವ ಪ್ರಯಾಣ ಕೂಡದು, ಒಂದೇ ಸಲ ಜೋಪಾನವಾಗಿ ಕೆಳಗೆ ಕರೆತನ್ನಿ, ಮತ್ತೆ ಆ ರಸ್ತೆ ಹತ್ತಿಸಬೇಡಿ ಎಂದು ಹೇಳಿದ್ದರು. ಬಾಡಿಗೆ ಕಾರು ತರೋಣವೆಂದರೆ ಆ ಗುಂಡಿಗಳಲ್ಲಿ ಅದರ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಆಂಬುಲೆನ್ಸ್ ತರೋಣವೆಂದರೆ ಸೀಮಂತದ ಕುಬಸ ಮಾಡಿ ಮಗಳನ್ನು ತವರಿಗೆ ಕಳಿಸುವ ದಿನ ಬೀಗರ ಬಾಗಿಲಿಗೆ ಆಂಬುಲೆನ್ಸೇ ಎಂದು ಇಡೀ ಬಳಗ ಹೌಹಾರಿತು. ಉಳಿದದ್ದು ವೀರೇಶನ ಎತ್ತರದ ಗಾಡಿ ಒಂದೇ. ಗುಂಡಿ ದಾಟುವ ಎತ್ತರ ಅದಕ್ಕಿತ್ತು, ಬಸುರಿಯನ್ನು ಕೂರಿಸುವ ಮೆದುತನ ಇರಲಿಲ್ಲ.

ಹಾಲು ಚೆಲ್ಲಿದ ಮರುದಿನ ತಾಯಿ ಮಗ ಇಬ್ಬರೂ ಹೊಸಪೇಟೆಯಲ್ಲಿ ಅಂಜಿನಯ್ಯನ ಅಂಗಡಿಯ ಮುಂದೆ ಇಳಿದರು. ಗಾಡಿ ಎತ್ತರಿಸಿಕೊಟ್ಟವನು ಅವನೇ. ಅವನ ದಂಧೆಯೆಲ್ಲ ಅದಿರಿನ ಲಾರಿಗಳದ್ದು. ಹೊರಬೇಕಾದ್ದಕ್ಕಿಂತ ಹೆಚ್ಚು ಹೊರಲಿ ಎಂದು ಬಂದ ಲಾರಿಯ ಸ್ಪ್ರಿಂಗಿಗೆಲ್ಲ ಪಟ್ಟಿಯ ಮೇಲೆ ಪಟ್ಟಿ ಸೇರಿಸಿ ಕಳಿಸುತ್ತಿದ್ದ. ಅದೇ ಕೈಯಲ್ಲಿ ವೀರೇಶನ ಗಾಡಿಗೂ ಹೆಬ್ಬೆರಳು ದಪ್ಪದ ಸ್ಪ್ರಿಂಗು ಹಾಕಿದ್ದ.

"ನಿಮ್ಮ ಹುಡುಗನ ಹಿಂಗ ಬೇಕಂದ ಅಕ್ಕಾರ" ಎಂದು ಅಂಜಿನಯ್ಯ ಮೊದಲೇ ಕೈ ತೊಳೆದುಕೊಂಡ. "ಹಿಂದ ಏನು ಹೊರ್ತೀರಿ ಅಂತ ಕೇಳಿದ್ದೆ. ಮೈನ್ಸಿಗೆ ಮಷೀನ್ ಸಾಮಾನು ಹೊರ್ತೀನಿ ಅಂದ."

"ಏನು ಹೊತ್ತೀಯಲೇ ಇದರಾಗ ಇಲ್ಲೀತನ?"

ವೀರೇಶ ಗೋಡೆಯ ಕ್ಯಾಲೆಂಡರ್ ನೋಡಿದ. ಅವನು ಹೊತ್ತದ್ದು ಗೆಳೆಯರನ್ನು ಮಾತ್ರ, ಅದೂ ಡ್ಯಾಮಿನವರೆಗೆ.

"ದಪ್ಪ ಸ್ಪ್ರಿಂಗು ಹೊರೆ ಕೇಳ್ತದ ಅಕ್ಕಾರ. ಹೊರೆ ಇಲ್ಲಂದ್ರ ಬಗ್ಗಂಗಿಲ್ಲ, ಏಟೆಲ್ಲ ಸೀಟಿಗೆ ಬರ್ತದ. ಮ್ಯಾಲ ಜಿಗಿತ ತಡಿಯೋ ಈ ಶಾಕಪ್ ಹಳೇದು, ಗಿಡ್ಡದ್ದು. ಗಾಡಿ ಎತ್ತರಾತು, ಇದು ಉದ್ದಾಗಲಿಲ್ಲ. ಗಾಲಿ ತಗ್ಗಿಗೆ ಇಳಿದಾಗ ಪೂರಾ ಚಾಚಿ ಜಗ್ಗಿ ನಿಲ್ತದ. ಉದ್ದಂದು ಹಾಕಬೇಕು." ಅವನು ಎರಡು ಜೊತೆ ಸ್ಪ್ರಿಂಗು ತಂದು ನೆಲಕ್ಕಿಟ್ಟ. "ಇದು ನಡೂಕಿಂದು, ಐದಾರು ಮಂದಿ, ಸಾಮಾನು ತಡೀತದ. ಇದು ಮೆತ್ತಂದು. ಹೂ ಹೊತ್ತಂಗ ಹೋಗ್ತದ, ಆದ್ರ ಮೂರು ಮಂದಿ, ಒಂದು ಕೈಚೀಲ, ಅಷ್ಟ. ಮ್ಯಾಲ ಹೊರಿಸಿದ್ರ ಕುಂತುಬಿಡ್ತದ. ನನ್ನ ಕೇಳಿದ್ರ ನಡೂಕಿಂದು ಹಾಕಸ್ರಿ."

"ನಡೂಕಿಂದು ಯಾಕ? ಬರಾಕಿ ನನ್ನ ಮಗಳು, ಬಾಜೂಕ ನಾನು, ಮುಂದ ಇವನು. ಮೆತ್ತಂದ ಹಾಕು."

"ನೋಡ್ರಿ ಅಕ್ಕಾರ, ಖರೇನ ಅಷ್ಟ ಮಂದಿ ಏನು?"

"ನಾನೇನು ಸುಳ್ಳು ಹೇಳಾಕ ಹೊಸಪೇಟಿಗೆ ಬಂದೀನೇನಲೇ?"

ಅಂಜಿನಯ್ಯ ಮತ್ತೆ ಕೇಳಲಿಲ್ಲ. ಉದ್ದನೆಯ ಶಾಕಪ್, ಮೆತ್ತನೆಯ ಸ್ಪ್ರಿಂಗು ಹಾಕಿದ ಮೇಲೆ ಗಾಡಿ ಎರಡು ಬೆರಳು ತಗ್ಗಿತೆಂದು ವೀರೇಶ ಮುಖ ಊದಿಸಿಕೊಂಡ. ಸುವರ್ಣಮ್ಮ ಮಾತ್ರ ಕಾಲುವೆ ದಾರಿಯಲ್ಲಿ ಕಂಪ್ಲಿ ಬರುವವರೆಗೂ ನಗುನಗುತ್ತ ಕೂತಿದ್ದಳು. ಗುಂಡಿ ಬಂದರೆ ಗಾಡಿ ಒಮ್ಮೆ ಇಳಿದು ಒಮ್ಮೆ ಏಳುತ್ತಿತ್ತು, ಅಷ್ಟೇ. ವರ್ಷದ ಮೇಲೆ ಅವಳ ಎದೆ ಸ್ವಲ್ಪ ಹಗುರವಾಯಿತು.

ಕುಬಸದ ದಿನ ಬಂತು. ಬೆಳಗ್ಗೆ ಬಳಗದ ಐದು ಮಂದಿ ಮುತ್ತೈದೆಯರು ಜರಿ ಸೀರೆ ಉಟ್ಟು ಗಾಡಿಯ ಹತ್ತಿರ ನಿಂತರು. ಐವರಿಲ್ಲದೆ ಉಡಿ ತುಂಬುವುದೆಂತು? ಶೇಂಗಾ ಹೋಳಿಗೆಯ ಬುಟ್ಟಿ ಬಂತು, ಕರ್ಚಿಕಾಯಿಯ ಬುಟ್ಟಿ ಬಂತು, ಉಂಡಿ, ಚಕ್ಕಲಿ, ಬುತ್ತಿಯ ಡಬರಿ ಬಂತು. ಸಂಡೂರಿನ ಓಣಿಗೆಲ್ಲ ಹಂಚಬೇಕಲ್ಲ, ಕಂಪ್ಲಿಯವರು ಕೈ ಬಿಗಿ ಹಿಡಿದರು ಅನ್ನಿಸಿಕೊಳ್ಳಲಾದೀತೆ?

"ಯವ್ವಾ, ಅಂಜಿನಯ್ಯ ಕೇಳಿದಾಗ ಇವನ್ನೆಲ್ಲ ಹೇಳಿದ್ದಿಲ್ಲಲ್ಲ" ಎಂದ ವೀರೇಶ.

"ಇದು ಹೊರೆ ಏನಲೇ? ಶಾಸ್ತ್ರ."

ಶಾಸ್ತ್ರವೆಂದು ಸ್ಪ್ರಿಂಗಿಗೆ ತಿಳಿಯಬೇಕಲ್ಲ! ಹೊಸಪೇಟೆ ದಾಟಿ ಸಂಡೂರಿನ ಗುಡ್ಡ ಹತ್ತುವ ಮೊದಲೇ ಗಾಡಿಯ ಹಿಂಭಾಗ ದಡ್ ಎಂದಿತು. ಸ್ಪ್ರಿಂಗು ಪೂರ್ತಿ ಕುಸಿದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಮುತ್ತೈದೆಯರು "ಅಯ್ಯಯ್ಯಪ್ಪಾ" ಎಂದು ಸೊಂಟ ಹಿಡಿದುಕೊಂಡರು. ಮತ್ತೊಂದು ಗುಂಡಿ, ಮತ್ತೆ ದಡ್. ದಪ್ಪ ಸ್ಪ್ರಿಂಗಿನ ಏಟಿಗಿಂತ ಇದು ಕೆಟ್ಟದ್ದು. ಸುವರ್ಣಮ್ಮ ರಸ್ತೆಯನ್ನು ಬೈದಳು, ಎದುರಿಗೆ ಬಂದ ಲಾರಿಗಳನ್ನು ಬೈದಳು, ರಸ್ತೆ ಮಾಡದ ಸರ್ಕಾರವನ್ನು ಅದರ ವಂಶಸಮೇತ ಬೈದಳು. ಒಳಗೊಳಗೇ ಹೆದರಿಕೆ ಹತ್ತಿತ್ತು. ಹೋಗಲಿ, ಬುಟ್ಟಿಗಳೆಲ್ಲ ಸಂಡೂರಿನಲ್ಲಿ ಖಾಲಿಯಾಗುತ್ತವೆ, ಮುತ್ತೈದೆಯರನ್ನು ಬಸ್ಸಿಗೆ ಕಳಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡಳು.

ಸಂಡೂರಿನಲ್ಲಿ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ಮುಡಿ ತುಂಬ ಹೂವು ಇಟ್ಟುಕೊಂಡು ಕೂತ ಕಾವ್ಯಳಿಗೆ ಉಡಿ ತುಂಬಿದ್ದಾಯಿತು, ಆರತಿಯಾಯಿತು. ಮಗಳ ಕೈ ಹಿಡಿದು ಸುವರ್ಣಮ್ಮ ಹೊರಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು. ಗಾಡಿಯ ಮೂಗು ಆಕಾಶ ನೋಡುತ್ತಿತ್ತು, ಹಿಂಭಾಗ ನೆಲಕ್ಕೆ ಕೂತಿತ್ತು. ಹಿಂದಿನ ಬಾಗಿಲು ತೆಗೆದರೆ ಬಾಣಂತಿಗೆ ನೀರು ಕಾಯಿಸಲೆಂದು ದೊಡ್ಡ ತಾಮ್ರದ ಹಂಡೆ, ಹಂಡೆಯೊಳಗೆ ಎಣ್ಣೆ ತುಪ್ಪದ ಡಬ್ಬಿಗಳು, ಪಕ್ಕದಲ್ಲಿ ಜೋಳದ ಚೀಲ, ಅದರ ಮೇಲೆ ಅಕ್ಕಿಯ ಚೀಲಗಳು. ಅಕ್ಕಿ! ಕಂಪ್ಲಿಯ ಅಕ್ಕಿ ಮಿಲ್ಲಿನ ಮನೆಗೆ ಅಕ್ಕಿ!

"ಯಾರು ತುಂಬಿದ್ರಿದನ್ನ?"

"ನಾನ ತುಂಬಿಸೀನಿ ಬೀಗ್ತ್ಯಾರ" ಎಂದು ಹಂಪೇಶನ ತಂದೆ ವಿರುಪಾಕ್ಷಪ್ಪ ಹೊಸ ಶಲ್ಯ ಸರಿಮಾಡಿಕೊಂಡ. ಗುಡ್ಡದ ಬುಡದ ಕಲ್ಲು ಹೊಲ ಗಣಿಯವರಿಗೆ ಕೊಟ್ಟ ಮೇಲೆ ಅವನ ಮನೆಯಲ್ಲಿ ಎಲ್ಲವೂ ದೊಡ್ಡದೇ. "ನಮ್ಮ ಸೊಸಿ ಬರೀ ಕೈಲೆ ತವರಿಗೆ ಹೋದ್ಲು ಅಂದ್ರ ನಾನು ಸಂಡೂರಾಗ ತಲಿ ಎತ್ತಿ ತಿರುಗಾಕ ಬರ್ತದೇನ್ರಿ?"

"ಇಳಸ್ರಿ."

"ಏನಂದ್ರಿ?"

"ಎಲ್ಲಾ ಇಳಸ್ರಿ ಅಂದೆ ಬೀಗರ. ನಿಮ್ಮ ಮರ್ಯಾದಿ ಹೊರಾಕ ನನ್ನ ಮಗಳ ಹೊಟ್ಟೀನ ಸಿಕ್ಕಿತೇನು ನಿಮಗ?"

"ಅವ್ವಾ, ಸುಮ್ಮನಿರಬೇ" ಎಂದು ಕಾವ್ಯ ಸೆರಗು ಜಗ್ಗಿದಳು. ಸುವರ್ಣಮ್ಮ ಸುಮ್ಮನಿರಲಿಲ್ಲ. ಎರಡೂ ಕೈ ಹಾಕಿ ಹಂಡೆ ಎಳೆದಳು. ಅದು ಬೀದಿಗೆ ಬಿದ್ದು ಘಣಘಣ ಉರುಳಿತು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು.

"ನಾಲ್ಕು ಮಂದಿ ಮುಂದ ನಮ್ಮ ಮಾನಾ ಕಳದ್ರಿ" ಎಂದ ವಿರುಪಾಕ್ಷಪ್ಪ. "ಬೀಗರ ಉಡುಗೊರಿ ಬೀದಿಗೆ ಒಗಿಯೋದು ಯಾವ ಊರಿನ ರೀತಿ?"

"ಹೋದ ವರ್ಷ ಇದ ರೋಡಿನಾಗ ನಿಮ್ಮ ಮೊಮ್ಮಗು ಹೋತಲ್ಲ, ಅದು ಯಾವ ಊರಿನ ರೀತಿ ಬೀಗರ? ಅವತ್ತು ಯಾರ ಮಾನಾ ಹೋಗಲಿಲ್ಲ. ಇವತ್ತು ಹಂಡೆ ಬಿದ್ರ ಮಾನಾ ಹೋತು!"

ಆಗ ಅಳಿಯ ಹಂಪೇಶ ಮೆಟ್ಟಿಲಿಳಿದು ಬಂದ. ಅಪ್ಪನ ಮುಖ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. ಅಕ್ಕಿ ಚೀಲಕ್ಕೆ ಹೆಗಲು ಕೊಟ್ಟು ಇಳಿಸಿದ. ವೀರೇಶ ಇನ್ನೊಂದಕ್ಕೆ ಕೈ ಹಾಕಿದ. ಚೀಲ ಇಳಿದಂತೆ ಗಾಡಿಯ ಬೆನ್ನು ಮೆಲ್ಲಗೆ ಎದ್ದಿತು.

ಕಾವ್ಯಳನ್ನು ದಿಂಬಿಟ್ಟು ಹಿಂದೆ ಕೂರಿಸಿದರು. "ಬಾ ಅವ್ವಾ" ಎಂದು ಅವಳು ಪಕ್ಕದ ಜಾಗ ತೋರಿಸಿದಳು. ಸುವರ್ಣಮ್ಮನ ಕಾಲು ಗಾಡಿಯ ಮೆಟ್ಟಿಲ ಮೇಲಿತ್ತು. ಅಳಿಯ ಅಂಗಳದಲ್ಲಿ ನಿಂತು ಹೆಂಡತಿಯನ್ನೇ ನೋಡುತ್ತಿದ್ದ, ಕಡ್ಡಿಯಂಥ ಹುಡುಗ. ಅವಳು ಕಾಲು ಇಳಿಸಿದಳು.

"ಹಂಪೇಶಪ್ಪ, ನೀನು ಹತ್ತು. ಕೈ ಹಿಡ್ಕೊಂಡು ಕುಂದ್ರು."

"ಯವ್ವಾ, ನೀನು?" ಎಂದ ವೀರೇಶ.

"ಮಿಲ್ಲಿನ ಕಾಟಾದ ಮ್ಯಾಲ ನಿಂತು ನೋಡೀನಲೇ. ತುಂಬಿದ ಚೀಲದಷ್ಟ ತೂಗ್ತೀನಿ ನಾನು. ಚೀಲ ಇಳಿಸಿದ ಮ್ಯಾಲ ಚೀಲ ಹತ್ತಸ್ತೀಯೇನು?" ನಗಿಸಲೆಂದು ಅಂದದ್ದು. ಈ ಒಂದು ಪ್ರಯಾಣದಲ್ಲಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಬರಬೇಕೆಂದು ಅವಳು ವರ್ಷವಿಡೀ ಕಾದಿದ್ದಳು. "ಎತ್ತಿನ ನಡಿಗ್ಯಾಗ ಹೊಡಿ. ಜೋರು ಹೊಡದಿ ಅಂತ ಗೊತ್ತಾತಂದ್ರ ಚರ್ಮ ಸುಲೀತೀನಿ."

ಬಸ್ಸಿನಲ್ಲಿ ಐದು ಮಂದಿ ಮುತ್ತೈದೆಯರು ಅವಳ ಜೊತೆ ಮಾತಾಡಲಿಲ್ಲ. ಬೀಗರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದಳೆಂದು ಅವರಿಗೆ ಸಿಟ್ಟು. ಅವಳು ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಕೆಂಪು ಧೂಳು ಹಣೆಯ ಕುಂಕುಮ ಯಾವುದು, ಮುಖ ಯಾವುದು ಎಂದು ತಿಳಿಯದಂತೆ ಮೆತ್ತಿತ್ತು. ಗುಡ್ಡದ ಇಳಿಜಾರಿನಲ್ಲಿ ಲಾರಿಗಳ ಸಾಲು ನಿಂತಿತು. ಬಸ್ಸು ಸಂದಿ ಹಿಡಿದು ಮುಂದೆ ಮುಂದೆ ಬಂದು, ವೀರೇಶನ ಗಾಡಿಯ ಪಕ್ಕಕ್ಕೇ ಬಂದಿತು.

ಸುವರ್ಣಮ್ಮ ಬಗ್ಗಿ ನೋಡಿದಳು. ಗಾಡಿ ಒಂದು ಗುಂಡಿಗೆ ಮೆಲ್ಲಗೆ ಇಳಿದು ಮೆಲ್ಲಗೆ ಎದ್ದಿತು. ಗಾಜಿನ ಹಿಂದೆ ಕಾವ್ಯ ಗಂಡನ ಹೆಗಲಿಗೆ ಒರಗಿದ್ದಳು. ಕಣ್ಣು ಮುಚ್ಚಿತ್ತು, ಬಾಯಿ ಅರ್ಧ ತೆರೆದಿತ್ತು. ಒಂದು ಗಳಿಗೆ ಸುವರ್ಣಮ್ಮನ ಜೀವ ಬಾಯಿಗೆ ಬಂತು. ಹಂಪೇಶ ಅತ್ತೆಯನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಮಲಗಿದ್ದಾಳೆ, ಅಷ್ಟೇ. ಯಾರಿಗೂ ಕಣ್ಣು ಮುಚ್ಚಲಾಗದ ಆ ರಸ್ತೆಯಲ್ಲಿ ಅವಳ ಮಗಳು ನಿದ್ದೆ ಹೋಗಿದ್ದಳು. ಸುವರ್ಣಮ್ಮನ ಧೂಳು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಬಸ್ ಡ್ರೈವರ್ ಹಾರ್ನಿಗೆ ಕೈ ಹಾಕಿದ.

"ಏ ಡ್ರೈವರಪ್ಪ! ಹಾರ್ನ್ ಹೊಡಿಬ್ಯಾಡ, ನನ್ನ ಮಗಳು ಮಲಗ್ಯಾಳ!"

ಡ್ರೈವರ್ ಬೆಚ್ಚಿ ಕೈ ತೆಗೆದ. ಹಿಂದಿನ ಅದಿರಿನ ಲಾರಿಯವನಿಗೆ ಅದೇನು ಗೊತ್ತು, ಅವನು ಜೋರಾಗಿ ಒಂದು ಹಾರ್ನ್ ಬಾರಿಸಿದ. ಸುವರ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಅವನ ಕಡೆ ತಿರುಗಿದಳು.