ತೂತಿಲ್ಲದ ಅಂತರಪಟ

"ಕ್ರೋಶಾ ಅಂದ್ರೆ ತೂತು ತೂತಾಗಿರುತ್ತೆ ಕಣೆ. ಅಂತರಪಟದಲ್ಲಿ ತೂತಿದ್ರೆ ಮುಹೂರ್ತಕ್ಕೆ ಮುಂಚೇನೇ ಗಂಡು ಹೆಣ್ಣು ಒಬ್ರನ್ನೊಬ್ರು ನೋಡ್ಕೊಂಡ್ಬಿಡ್ತಾರೆ" ಎಂದರು ನನ್ನ ನಾದಿನಿ, ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿಕೊಳ್ಳುತ್ತಾ.

ಆ ಭಾನುವಾರ ಅವರು ಹೇವರ್ಡಿನಿಂದ ಸ್ಯಾನ್ ಹೊಸೆಯ ನಮ್ಮ ಮನೆಗೆ ಬಂದದ್ದೇ ನನ್ನ ಮಗಳ ಮದುವೆಯ ಕೆಲಸಗಳನ್ನು ಹಂಚಲು. ನನ್ನ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ನಾದಿನಿ ಎಂದರೆ ನನ್ನ ಗಂಡನ ಅಕ್ಕ, ನಾನೂ ಅಕ್ಕ ಎಂದೇ ಕರೆಯುತ್ತೇನೆ. ಧಾರೆ ಎರೆಯಲು ದಂಪತಿ ಬೇಕು, ಆದ್ದರಿಂದ ತಾವೂ ತಮ್ಮ ಯಜಮಾನರೂ ಕೂರುತ್ತೇವೆ ಎಂದರು. ಆಗಲಿ ಎಂದೆ. ಆರತಿಗೆ ಇಂಥವರು, ಕಳಶ ಹಿಡಿಯಲು ಇಂಥವರು ಎಂದು ಹೇಳುತ್ತಾ ಹೋದರು. ನನ್ನ ಹೆಸರು ಎಲ್ಲೂ ಬರಲಿಲ್ಲ. ಕೊನೆಗೆ, "ನಿಂಗೆ ಮೊದಲನೇ ಸಾಲಲ್ಲಿ ಸೋಫಾ ಹಾಕಿಸ್ತೀನಿ, ಆರಾಮಾಗಿ ಕೂತ್ಕೊಂಡು ನೋಡು" ಎಂದರು. ಹೆತ್ತ ಮಗಳ ಮದುವೆಗೆ ನಾನು ಪ್ರೇಕ್ಷಕಿ! ಮೈಯೆಲ್ಲ ಉರಿದುಹೋಯಿತು. ಅಂತರಪಟವನ್ನು ನಾನೇ ಹೆಣೆಯುತ್ತೇನೆ ಎಂದು ಬಾಯಿಂದ ಬಂದದ್ದು ಆಗಲೇ. ವಧೂವರರ ನಡುವೆ ಹಿಡಿದು ಮುಹೂರ್ತದ ಗಳಿಗೆಯಲ್ಲಿ ಇಳಿಸುವ ಆ ಒಂದು ಬಟ್ಟೆಯಾದರೂ ನನ್ನ ಕೈಯದಾಗಿರಲಿ ಎನ್ನಿಸಿತ್ತು. ಅದಕ್ಕೇ ಈ ತೂತಿನ ಮಾತು ಬಂತು.

ನನ್ನ ಮಗಳೂ ಅವಳನ್ನು ಮದುವೆಯಾಗುವ ಹುಡುಗನೂ ವಾಲ್ನಟ್ ಕ್ರೀಕಿನಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ದಿನಾ ಬೆಳಿಗ್ಗೆ ಒಂದೇ ಸಿಂಕಿನ ಮುಂದೆ ಹಲ್ಲುಜ್ಜುವವರು ಮುಹೂರ್ತಕ್ಕೆ ಮುಂಚೆ ಮುಖ ನೋಡಿಕೊಂಡರೆ ಯಾವ ಆಕಾಶ ಕಳಚಿ ಬೀಳುತ್ತದೆ? ಅದು ನಾದಿನಿಗೂ ಗೊತ್ತು. ತೂತು ಬರೀ ನೆಪ. ನಿಜವಾದ ಕಾರಣ ಅವರ ನಾಲಿಗೆಯ ತುದಿಯಲ್ಲಿತ್ತು, ಆಡುವ ಧೈರ್ಯವಿರಲಿಲ್ಲ. ಸರಿ, ತೂತು ತಾನೆ, ಮುಚ್ಚಿ ತೋರಿಸುತ್ತೇನೆ, ಆಮೇಲೆ ಏನು ಹೇಳುತ್ತಾರೋ ನೋಡಿಯೇಬಿಡೋಣ ಎಂದುಕೊಂಡೆ.

ಅರಿಶಿನದ ಬಣ್ಣದ ನೆಲ, ನಡುವೆ ಕೆಂಪು ಕಳಶ, ಅದರ ಬಾಯಿಗೆ ಹಸಿರು ಮಾವಿನೆಲೆ. ಚಿತ್ರ ಅಷ್ಟೇ. ಮೂರೂ ಬಣ್ಣದ ಹತ್ತಿ ದಾರ ತಂದೆ. ಆದರೆ ಕ್ರೋಶಾದಲ್ಲಿ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗಲು ಹಲವು ದಾರಿಗಳಿವೆ, ಮತ್ತು ಒಂದೊಂದಕ್ಕೂ ಒಂದೊಂದು ದುರ್ಬುದ್ಧಿ.

ಮೊದಲು ಸುಲಭದ್ದನ್ನು ಹಿಡಿದೆ. ಕೆಂಪು ಹೆಣೆಯುವಾಗ ಹಳದಿ ದಾರವನ್ನು ಹಿಂದೆ ಸುಮ್ಮನೆ ಬಿಡುವುದು, ಮತ್ತೆ ಬೇಕಾದಾಗ ಎಳೆದುಕೊಳ್ಳುವುದು. ಮುಂದುಗಡೆ ಲಕ್ಷಣವಾಗಿ ಬಂತು. ಹಿಂದುಗಡೆ ಮಾತ್ರ ಎಳೆಗಳೆಲ್ಲ ಜೋತುಬಿದ್ದು, ನನ್ನ ಬಳೆಯೇ ಸಿಕ್ಕಿಕೊಂಡಿತು. ಗೋಡೆಗೆ ನೇತುಹಾಕುವುದಾದರೆ ಹಿಂದುಗಡೆಯ ಗೊಡವೆ ಯಾರಿಗೆ ಬೇಕು? ಅಂತರಪಟಕ್ಕೆ ಹಿಂದುಗಡೆ ಎನ್ನುವುದೇ ಇಲ್ಲ. ಒಂದು ಕಡೆ ಹೆಣ್ಣು, ಒಂದು ಕಡೆ ಗಂಡು. ಆ ಎಳೆಗಳನ್ನು ಯಾರ ಮುಖಕ್ಕೆ ಹಿಡಿಯಲಿ? ಬಿಚ್ಚಿದೆ.

ಆಮೇಲೆ ಒಂದೊಂದು ಬಣ್ಣದ ಜಾಗಕ್ಕೂ ಒಂದೊಂದು ಪುಟ್ಟ ಉಂಡೆ ಕಟ್ಟಿಕೊಂಡು, ಯಾವ ದಾರವನ್ನೂ ಹೊತ್ತೊಯ್ಯದೆ, ಅಲ್ಲಲ್ಲೇ ಬಿಟ್ಟು ಅಲ್ಲಲ್ಲೇ ಹಿಡಿಯುವ ರೀತಿ. ಇದರಲ್ಲಿ ಎರಡೂ ಕಡೆ ಚೊಕ್ಕಟವಾಗಿ ಬರುತ್ತದೆ. ಆದರೆ ಪ್ರತಿ ಸಾಲಿನ ಕೊನೆಗೆ ಹೆಣಿಗೆಯನ್ನು ತಿರುಗಿಸಿದಾಗ ಉಂಡೆಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಜಡೆಯಾಗುತ್ತಿದ್ದವು. ಹೆಣೆದದ್ದಕ್ಕಿಂತ ಬಿಡಿಸಿದ್ದೇ ಹೆಚ್ಚು. ಕಳಶದ ಅರ್ಧ ಮುಗಿದ ಮೇಲೆ ಅಡುಗೆಮನೆಯ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ವಾರಾಂತ್ಯಕ್ಕೆ ಬಂದಿದ್ದ ಮಗಳನ್ನು ಆಚೆ ಕಡೆ ನಿಲ್ಲಿಸಿದೆ.

"ನಾನು ಕಾಣ್ತಿದೀನೇನೆ?"

"ಐ ಕ್ಯಾನ್ ಸೀ ಯುವರ್ ಬೊಟ್ಟು, ಅಮ್ಮಾ."

ಗಂಡ ಹೋದ ಮೇಲೂ ನಾನು ಕುಂಕುಮ ತೆಗೆದಿಲ್ಲ. ಅಷ್ಟು ಕೆಂಪಗೆ, ಅಷ್ಟು ದೊಡ್ಡದಾಗಿ ಇಡುತ್ತೇನೆಂದೇ ಕಂಡಿರಬೇಕು. ಮಗಳು ನಕ್ಕಳು, ನಾನೂ ನಕ್ಕೆ, ಅದನ್ನೂ ಬಿಚ್ಚಿದೆ.

ಮೂರನೆಯದನ್ನು ಯೂಟ್ಯೂಬು ನೋಡಿ ಕಲಿತೆ. ಒಂದು ಸಾಲಿಗೆ ಒಂದೇ ಬಣ್ಣ, ನಡುನಡುವೆ ಉದ್ದನೆಯ ಕುಣಿಕೆಯನ್ನು ಕೆಳಗಿನ ಸಾಲಿಗೆ ಇಳಿಬಿಟ್ಟು ಚಿತ್ರ ಮಾಡುವುದು. ಗೋಜಲಿಲ್ಲ, ನೆಮ್ಮದಿಯ ಕೆಲಸ, ದಪ್ಪವೂ ಆಗುತ್ತದೆ. ಆದರೆ ಚಿತ್ರ ಒಂದೇ ಕಡೆ, ಇನ್ನೊಂದು ಕಡೆ ಬರೀ ಪಟ್ಟೆ. ಕಳಶ ನಮ್ಮ ಕಡೆಗಿಟ್ಟರೆ ಬೀಗರಿಗೆ ಪಟ್ಟೆಯೇ ಗತಿ, ಅವರ ಕಡೆಗಿಟ್ಟರೆ ನನ್ನ ಮಗಳಿಗೆ ಪಟ್ಟೆ. ಎರಡಕ್ಕೂ ನಾದಿನಿ ಮಾತು ತೆಗೆಯುತ್ತಾರೆಂದು ಗೊತ್ತಿತ್ತು. ಅದೂ ಹೋಯಿತು.

ಕೊನೆಗೆ ಉಳಿದದ್ದು, ಎಲ್ಲರೂ ಕಷ್ಟ ಎನ್ನುವ ರೀತಿ. ಬೇಡದ ಬಣ್ಣದ ದಾರವನ್ನು ಹಿಂದೆ ಬಿಡದೆ, ಕುಣಿಕೆಗಳ ಒಳಗೇ ಮಲಗಿಸಿ, ಅದರ ಮೇಲೆಯೇ ಹೆಣೆಯುತ್ತಾ ಹೋಗುವುದು. ಒಳಗಿನ ದಾರ ಸಂದುಗಳನ್ನೆಲ್ಲ ತುಂಬುತ್ತದೆ, ಎರಡೂ ಕಡೆ ಒಂದೇ ಚಿತ್ರ ಬರುತ್ತದೆ. ಇದರ ತಂಟೆ ಏನೆಂದರೆ, ಒಳಗಿನ ಕೆಂಪು ಹಳದಿಯ ಸಂದಿನಿಂದ ಚುಕ್ಕೆಯಾಗಿ ಇಣುಕುತ್ತದೆ. ಬಟ್ಟೆ ರಟ್ಟಿನಂತೆ ಬಿಗಿಯುತ್ತದೆ. ನಾನು ಮೊದಲು ಜಾಣತನ ಮಾಡಲು ಹೋಗಿ, ಕಳಶ ಇರುವ ಕಡೆ ಮಾತ್ರ ಮೂರೂ ದಾರ ಹೊತ್ತು, ಅಂಚಿನಲ್ಲಿ ಬರೀ ಹಳದಿ ಹೆಣೆದೆ. ನಡುವೆ ದಪ್ಪ, ಅಂಚು ತೆಳು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಪಕ್ಕದ ಮನೆಯವರ ಗರಾಜೇ ಕಾಣುತ್ತಿತ್ತು. ಮತ್ತೆ ಬಿಚ್ಚಿ, ಸಣ್ಣ ಕ್ರೋಶಾ ಕಡ್ಡಿ ಹಿಡಿದು, ಬೇಕಿರಲಿ ಬಿಡಲಿ, ಮೂರೂ ದಾರವನ್ನು ಈ ತುದಿಯಿಂದ ಆ ತುದಿಯವರೆಗೂ ಒಳಗೆ ಹೊತ್ತುಕೊಂಡೇ ಹೋದೆ. ಹೆಬ್ಬೆರಳು ಊದಿಕೊಂಡಿತು. ಆಫೀಸಿನಲ್ಲಿ ಮೌಸು ಹಿಡಿಯಲಾಗದೆ ಎಡಗೈಯಲ್ಲಿ ಒದ್ದಾಡಿದೆ. ಕೆಂಪು ಚುಕ್ಕೆಗಳು ಅಲ್ಲಲ್ಲಿ ಇಣುಕಿದವು. ಇಣುಕಲಿ ಎಂದು ಬಿಟ್ಟೆ. ಮುಗಿದ ದಿನ ಮಗಳನ್ನು ಮತ್ತೆ ಆಚೆ ನಿಲ್ಲಿಸಿದೆ. "ನಥಿಂಗ್" ಎಂದಳು.

ಮದುವೆ ಸೀರೆಗಳಿಗೆ ಕುಚ್ಚು ಕಟ್ಟಿಸಿ ತಂದ ದಿನ, ತಮ್ಮ ಸೀರೆಗಳನ್ನು ಒಯ್ಯಲು ಬಂದ ನಾದಿನಿಯ ಮುಂದೆ ಅಂತರಪಟವನ್ನು ಹರಡಿದೆ.

"ನೋಡಿ ಅಕ್ಕ, ತೂತಿಲ್ಲ."

ಅವರು ಹಿಂದೆ ಮುಂದೆ ತಿರುಗಿಸಿದರು, ಎಳೆದರು, ಕಿಟಕಿಗೆ ಹಿಡಿದರು. "ಚೆನ್ನಾಗೇನೋ ಇದೆ. ಭಾರ ಆಯ್ತಲ್ಲೇ" ಎಂದರು.

"ಹಿಡಿಯೋಳು ನಾನು. ನಂಗೆ ಭಾರ ಇಲ್ಲ."

ಅವರು ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಹಾಗಲ್ಲ ಕಣೆ. ಶುಭಕಾರ್ಯ. ನಿನ್ನ ಕೈಲಿ ಮಾಡಿದ್ದು, ಅದೂ ನೀನೇ ಮಂಟಪದಲ್ಲಿ ನಿಂತು ಹಿಡಿಯೋದು ಅಂದ್ರೆ... ನೀನು ಮುತ್ತೈದೆ ಅಲ್ವಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಅಂತೂ ಹೊರಗೆ ಬಂತು. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ, ಸಿಟ್ಟು ಬಂತು. "ಇದನ್ನ ಅವತ್ತೇ ಹೇಳಿದ್ರೆ ನನ್ನ ಹೆಬ್ಬೆರಳಾದ್ರೂ ಉಳೀತಿತ್ತು ಅಕ್ಕ. ಇದೇ ಕೈಲಿ ಮಾಡಿದ ಚಟ್ನಿಪುಡಿ ಪ್ರತಿ ಸಲ ಡಬ್ಬಿ ತುಂಬಾ ತಗೊಂಡು ಹೋಗ್ತೀರಿ. ಅದು ಆಗುತ್ತಾ?"

"ಅದು ಬೇರೆ, ಇದು ಬೇರೆ."

"ಬೇರೆ ಅಲ್ಲ. ನಿಮ್ಮ ತಮ್ಮ ಮಲಗಿದ್ದಾಗ ಅವರಿಗೆ ಗಂಜಿ ಕುಡಿಸಿದ್ದು ಇದೇ ಕೈ. ಅವರು ಹೋದ್ರು ಅಂತ ಇದು ಕೆಟ್ಟ ಕೈ ಆಗಲ್ಲ. ಧಾರೆಗೆ ನೀವು ಕೂತ್ಕೊಳಿ, ಬೇಡ ಅನ್ನಲ್ಲ. ಸೋಫಾ ಮಾತ್ರ ನಂಗೆ ಬೇಡ."

ಅವರು ಸೀರೆಯ ಚೀಲ ಎತ್ತಿಕೊಂಡು ಹೊರಟರು. ಬಾಗಿಲ ತನಕ ಹೋಗಿ ಬೀಳ್ಕೊಟ್ಟೆ. ಚಟ್ನಿಪುಡಿಯ ಡಬ್ಬಿ ಆ ಸಲ ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಮದುವೆಯ ದಿನ, ಮಗಳೂ ಹುಡುಗನೂ ಕೈಯಲ್ಲಿ ಜೀರಿಗೆ ಬೆಲ್ಲ ಹಿಡಿದು ಎದುರುಬದುರು ನಿಂತರು. "ಅಂತರಪಟ ಯಾರು ಹಿಡ್ಕೋತೀರಿ?" ಎಂದು ಪುರೋಹಿತರು ಕೇಳಿದರು. ಹುಡುಗನ ಸೋದರಮಾವ ಒಂದು ತುದಿ ಹಿಡಿದರು. ನಾದಿನಿಯ ಯಜಮಾನರು ಇನ್ನೊಂದಕ್ಕೆ ಕೈ ಚಾಚಿದರು. ಆ ತುದಿ ಆಗಲೇ ನನ್ನ ಕೈಯಲ್ಲಿತ್ತು, ಕೊಡಲಿಲ್ಲ. ಅವರು ಹೆಂಡತಿಯ ಮುಖ ನೋಡಿದರು. ನಾದಿನಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು.

ಮಂಗಳಾಷ್ಟಕ ಮುಗಿಯುವ ತನಕ ಎತ್ತಿ ಹಿಡಿದೆ. ಆಚೆ ಹುಡುಗ, ಈಚೆ ಮಗಳು, ಇಬ್ಬರಿಗೂ ಕಾಣುತ್ತಿದ್ದದ್ದು ಕೆಂಪು ಕಳಶ ಮಾತ್ರ. "ಇಳಿಸಿ" ಎಂದರು ಪುರೋಹಿತರು. ವಾದ್ಯ ಜೋರಾಯಿತು. ಸಭೆಯಲ್ಲಿದ್ದವರೆಲ್ಲ, ಒಂದು ಕೈಯಲ್ಲಿ ಧಾರೆಯ ಚೊಂಬು ಹಿಡಿದು ನಿಂತಿದ್ದ ನಾದಿನಿಯೂ ಸೇರಿ, ಅಕ್ಷತೆ ಎತ್ತಿ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು. ಅದು ಇಳಿಯುವ ತನಕ ಯಾರೂ ಒಂದು ಕಾಳು ಎಸೆಯುವಂತಿರಲಿಲ್ಲ. ನಾನು ಅವಸರ ಮಾಡದೆ ಇಳಿಸಿದೆ.