ಹಿರಿಸೊಸೆಯ ಬೆಳ್ಳಿ ಲೋಟ

ನಮ್ಮ ಅತ್ತೆಯ ಬೆಳ್ಳಿ ಲೋಟ ನನ್ನ ಓರಗಿತ್ತಿಯ ಪಾಲಾದದ್ದನ್ನು ನಾನು ಇವತ್ತಿಗೂ ಅರಗಿಸಿಕೊಂಡಿಲ್ಲ. ಹರವೆ ಊರಿನ ಅತ್ತೆಮನೆಯಲ್ಲಿದ್ದ ಆ ಲೋಟ ಯಾರ ಕಾಲದ್ದೋ ಯಾರಿಗೂ ಗೊತ್ತಿರಲಿಲ್ಲ. ಬಾಯಿಯ ಸುತ್ತ ಮೊಗ್ಗಿನ ಸಾಲು, ಹೊಟ್ಟೆಯ ಮೇಲೆ ಹೂಬಳ್ಳಿ. ಪಾದಪೂಜೆಗೆ ಜಂಗಮ ಅಯ್ಯನವರು ಬಂದರೆ ಅದರಲ್ಲೇ ಹಾಲು. ಅದನ್ನು ಬೆಳಗುವ ಕೆಲಸ ಮಾತ್ರ ಕಿರಿಸೊಸೆಯದು, ಅಂದರೆ ನನ್ನದು. ಅತ್ತೆ ವಿಭೂತಿ ಗಟ್ಟಿಯ ಚೂರೊಂದನ್ನು ಕೈಗಿಟ್ಟು, "ಮುಖ ಕಾಣ್ಬೇಕು ಕಣಮ್ಮಿ, ಅಂಗೆ ಉಜ್ಜು" ಅನ್ನುತ್ತಿದ್ದರು. ಮದುವೆಯಾಗಿ ಬಂದ ವರ್ಷದಿಂದ ಅತ್ತೆ ತೀರಿಕೊಳ್ಳುವವರೆಗೂ ಬಲಗೈ ಹೆಬ್ಬೆರಳಿನಿಂದ ಉಜ್ಜಿದ್ದೇ ಉಜ್ಜಿದ್ದು. ಓರಗಿತ್ತಿ ಒಂದು ದಿನವೂ ಅದಕ್ಕೆ ಕೈ ಹಚ್ಚಿದವಳಲ್ಲ.

ಪಾತ್ರೆ ಹಂಚುವಾಗ ನನ್ನ ಗಂಡನ ದೊಡ್ಡಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು: "ಅದು ಇರಿಸೊಸೆಗೆ ಓಗೋದು ಕಣಪ್ಪ." ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗಾಯಿತು. ಅವಳು ಲೋಟ ತೆಗೆದುಕೊಂಡು ಗುಂಡ್ಲುಪೇಟೆಗೆ ಹೋದಳು, ನಾನು ಹಿತ್ತಾಳೆ ಹಂಡೆ ಹೊತ್ತುಕೊಂಡು ಚಾಮರಾಜನಗರಕ್ಕೆ ಬಂದೆ.

ಮೊನ್ನೆ ಅವಳ ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದೆ. ಲೋಟ ಷೋಕೇಸಿನಲ್ಲಿ, ಟೀವಿ ರಿಮೋಟಿನ ಪಕ್ಕ, ಕರ್ರಗೆ ಕೂತಿತ್ತು. ನನಗೆ ಒಳಗೊಳಗೇ ಖುಷಿ. ಸೋಮಾರಿಯ ಕೈಗೆ ಬಿದ್ದರೆ ಇಷ್ಟೇ ಅಂದುಕೊಂಡು ಎತ್ತಿಕೊಂಡೆ.

ಗೆರೆಗೆರೆಯಲ್ಲೂ ಕಪ್ಪು ಕೂತು ಹೂವೆಲ್ಲ ಎದ್ದು ಕಾಣುತ್ತಿತ್ತು. ಎಸಳಿನ ನರ ಸಮೇತ. ಬಳ್ಳಿಯ ತುದಿಯಲ್ಲಿ ಅರ್ಧ ಬಿರಿದ ಮಲ್ಲಿಗೆಯೊಂದಿತ್ತು. ಅಷ್ಟು ವರ್ಷ ಕೈಯಲ್ಲಿ ಹಿಡಿದವಳು ನಾನು, ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಕಂಡದ್ದೆಲ್ಲ ನನ್ನ ಮುಖವನ್ನೇ! ಏನೂ ಮಾಡದೆ ಕೂತವಳ ಮನೆಯಲ್ಲೇ ಅರಳಬೇಕಿತ್ತಾ ಇವು?

"ಮಂಕಾಗ್ಬುಟ್ಟದೆ ಕಣಮ್ಮಿ. ನಿನ್ ಕೈಗೇ ಅದು ಬಗ್ಗೋದು, ವಸಿ ಉಜ್ಕೊಟ್ಬುಡು" ಅಂದಳು ಓರಗಿತ್ತಿ, ದೇವರ ಗೂಡಿನಿಂದ ವಿಭೂತಿ ತಂದು.

ಕೈ ಕಡಿಯುತ್ತಿತ್ತು. ಒಂದು ಗಳಿಗೆ ಉಜ್ಜಿದರೆ ಸಾಕು, ಅವಳ ಹೂವೆಲ್ಲ ಮಾಯ.

"ಬುಡಿ ಅಕ್ಕ, ಇಂಗೇ ಚೆಂದ" ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ. "ಅದ್ರಲ್ಲೇ ವಸಿ ನೀರ್ ಕೊಡಿ."

ಅವಳು ತೊಳೆದು ನೀರು ತುಂಬಿ ಕೊಟ್ಟಳು. ಕುಡಿಯುವಾಗ ನನ್ನ ಹೆಬ್ಬೆರಳು ತಾನಾಗಿ ಒಂದು ನುಣ್ಣನೆಯ ಜಾಗಕ್ಕೆ ಹೋಗಿ ಕೂತಿತು. ಅಲ್ಲಿ ಹೂವಿರಲಿಲ್ಲ, ನಾನು ಉಜ್ಜಿ ಉಜ್ಜಿ ಸವೆಸಿದ ಬೋಳು. ಆ ಲೋಟದಲ್ಲಿ ನನ್ನ ಪಾಲು ಅಷ್ಟೇ ಅಗಲ.